ತಳದಿಂದ ಕಟ್ಟುವ ಮಂಜುಗಡ್ಡೆ

ಕೆರೆ ಹೆಪ್ಪುಗಟ್ಟುವುದು ಮೇಲಿನಿಂದ. 4 ಡಿಗ್ರಿ ಸೆಲ್ಸಿಯಸ್‌ನ ನೀರು ಎಲ್ಲಕ್ಕಿಂತ ಭಾರವಾಗಿ ತಳ ಸೇರುತ್ತದೆ. ಇನ್ನೂ ತಣ್ಣಗಾದದ್ದು ಮೇಲೆಯೇ ಉಳಿದು ಗಟ್ಟಿಯಾಗುತ್ತದೆ. ಬಂಡೆಗಳ ನಡುವೆ ಧುಮುಕುವ ಹೊಳೆಯಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ನೀರು ಮಜ್ಜಿಗೆ ಕಡೆದಂತೆ ಕಲಕುತ್ತಿರುವುದರಿಂದ ತಳಕ್ಕೂ ಮೇಲ್ಮೈಗೂ ಒಂದೇ ಉಷ್ಣಾಂಶ. ಇಡೀ ಹೊಳೆ ಸೊನ್ನೆ ಮುಟ್ಟಿ, ಹೆಪ್ಪುಗಟ್ಟದೆಯೇ ಇನ್ನೂ ತುಸು ಕೆಳಗಿಳಿಯುತ್ತದೆ. ತುಸು ಎಂದರೆ 0.01ರಿಂದ 0.1 ಡಿಗ್ರಿ ಅಷ್ಟೇ. ಮನೆಯ ಥರ್ಮಾಮೀಟರಿಗೆ ಕಾಣದ ಈ ವ್ಯತ್ಯಾಸದಿಂದಲೇ ಮುಂದಿನದೆಲ್ಲ.

ಬೀಳುವ ಹಿಮದ ಕಣವೋ, ಗಾಳಿಯಲ್ಲಿ ಗಟ್ಟಿಯಾಗಿ ಮರಳುವ ತುಂತುರೋ ಬೀಜವಾಗುತ್ತದೆ. ಅದರಿಂದ ಬೆಳೆಯುವುದು ಕೆಲವೇ ಮಿಲಿಮೀಟರ್ ಅಗಲದ, ತೆಳು ತಟ್ಟೆಯಂಥ ಹರಳು: ಫ್ರೇಜಿಲ್. ಹರಳುಗಳು ಡಿಕ್ಕಿ ಹೊಡೆದು ಉದುರುವ ಚೂರುಗಳೂ ಬೀಜಗಳೇ. ಗಾಳಿ ಮೈನಸ್ 20 ಡಿಗ್ರಿಯಲ್ಲಿದ್ದರೆ ತೆರೆದ ನೀರು ಚದರ ಮೀಟರಿಗೆ ಸುಮಾರು 400 ವಾಟ್ ಶಾಖ ಕಳೆದುಕೊಳ್ಳುತ್ತದೆ. ಅಂದರೆ ಗಂಟೆಗೆ ನಾಲ್ಕು ಕಿಲೋಗೂ ಹೆಚ್ಚು ಮಂಜುಗಡ್ಡೆ. 10 ಮೀಟರ್ ಅಗಲದ ಹೊಳೆಯ ಒಂದೇ ಕಿಲೋಮೀಟರಿನಲ್ಲಿ ಗಂಟೆಗೆ 40 ಟನ್ ದಾಟುತ್ತದೆ!

ಸೊನ್ನೆಗಿಂತ ತಣ್ಣಗಿನ ನೀರಿನಲ್ಲಿ ಈ ಹರಳುಗಳು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. ಹಗುರವಾದರೂ ಸುಳಿ ಅವನ್ನು ತಳಕ್ಕೆ ಎಳೆಯುತ್ತದೆ; ಮೋಡವಿಲ್ಲದ ರಾತ್ರಿಗಳಲ್ಲಿ ಕಲ್ಲುಗಳ ಮೇಲೆ ಸ್ಪಂಜಿನಂಥ ಪದರ ಬೆಳೆಯುತ್ತದೆ. ಇದು ಲಂಗರು ಮಂಜುಗಡ್ಡೆ. ಆಳವಿಲ್ಲದ ಕಲ್ಲುಹಾಸಿನಲ್ಲಿ ಅದು ಕಟ್ಟೆಯಾಗಿ ಏರಿ, ಹಿಂದೆ ನೀರು ನಿಲ್ಲಿಸುತ್ತದೆ. ಬೆಳಗಿನ ಬಿಸಿಲಿಗೆ ನೀರು ಸೊನ್ನೆ ದಾಟಿದೊಡನೆ ಹಿಡಿತ ಬಿಟ್ಟು, ಜಲ್ಲಿಕಲ್ಲುಗಳ ಸಮೇತ ಮೇಲೇಳುತ್ತದೆ.

ಕಿರು ಜಲವಿದ್ಯುತ್ ಘಟಕಗಳಿಗೆ ಇದು ತಲೆನೋವು. ನೀರು ಒಳಸೇರುವ ಬಾಯಿಯ ಕಬ್ಬಿಣದ ಜಾಲರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಹೋಗಬಹುದು. ಸರಳುಗಳನ್ನು ಸೊನ್ನೆಗಿಂತ ಕೂದಲೆಳೆಯಷ್ಟು ಮೇಲಿಟ್ಟರೆ ಹರಳು ಅಂಟದು. ಆದರೆ ಮೇಲ್ಭಾಗದಲ್ಲಿ ನೀರು ನಿಧಾನಗೊಳ್ಳುವ ಹೊಂಡ ಮಾಡಿ, ಅದರ ಮೇಲೆ ಮಂಜುಗಡ್ಡೆಯ ಹಾಸು ಕಟ್ಟಲು ಬಿಡುವುದೇ ಹೆಚ್ಚು ಜಾಣತನ: ಮುಚ್ಚಿದ ನೀರು ಶಾಖ ಕಳೆದುಕೊಳ್ಳುವುದು ಕಡಿಮೆ, ಅದರಡಿ ಹೊಸ ಫ್ರೇಜಿಲ್ ಹುಟ್ಟುವುದಿಲ್ಲ.

ಲಡಾಖ್‌ನ ಝನ್ಸ್ಕಾರ್ ಕಣಿವೆಯಲ್ಲಿ ಜನವರಿ, ಫೆಬ್ರುವರಿಯಲ್ಲಿ ಜನ ನಡೆಯುವ ‘ಚಾದರ್’ ಕೂಡ ನದಿಯ ಮೇಲಿನ ಹಾಸೇ. ಹಾಸು ಕಟ್ಟಿದ ಮೇಲೆ ನೀರಿನ ಮಟ್ಟ ಇಳಿದರೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ; ಮೇಲೆ ಹಿಮ ಬಿದ್ದರೆ ಅದು ಕಣ್ಣಿಗೂ ಕಾಣದು. ಅದಕ್ಕೇ ಅಲ್ಲಿನವರು ಹೆಜ್ಜೆ ಇಡುವ ಮೊದಲು ಕೋಲಿನಿಂದ ಕುಟ್ಟಿ ಸದ್ದು ಆಲಿಸುತ್ತಾರೆ.