ಟೀಶರ್ಟ್ ಕೆಲಸಕ್ಕೆ ಎಷ್ಟು ಗ್ರಾಮಿನ ಪ್ಲಾಟರ್ ಬೇಕು?

ಪ್ರಶ್ನೆ: "ಸರ್, ಟೀಶರ್ಟ್ ಪ್ರಿಂಟಿಂಗ್ ಶುರು ಮಾಡ್ಬೇಕು ಅಂತಿದ್ದೀನಿ. ಹೀಟ್ ಪ್ರೆಸ್ ಆಗಲೇ ತಗೊಂಡಿದ್ದೀನಿ. ಕಮ್ಮಿ ರೇಟಲ್ಲಿ ಒಂದು ಒಳ್ಳೆ ಕಟಿಂಗ್ ಪ್ಲಾಟರ್ ಹೇಳಿ. 500 ಗ್ರಾಂ ಸಾಕಾ, ಇಲ್ಲಾ 1000 ಗ್ರಾಮಿಂದೇ ತಗೊಳ್ಳಲಾ? ಬಟ್ಟೆ ಕೆಲಸಕ್ಕೆ ಫೋರ್ಸ್ ಜಾಸ್ತಿ ಬೇಕು ಅಂತ ಅಂಗಡಿಯವರು ಹೇಳ್ತಾರೆ."

ಕಳಿಸುವವರ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಗಣೇಶನ ಹಬ್ಬಕ್ಕೆ ತಿಂಗಳಿರುವಾಗ ಒಂದು ಸುತ್ತು ಬರುತ್ತದೆ, ರಾಜ್ಯೋತ್ಸವದ ಮುಂಚೆ ಇನ್ನೊಂದು ಸುತ್ತು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು ಅಂತ ತೀರ್ಮಾನಿಸಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಡಿಸೈನನ್ನು ಬ್ಲೇಡಿನಿಂದ ಕತ್ತರಿಸುವ ಈ ಪ್ಲಾಟರ್ 24 ಇಂಚು ಅಗಲದ್ದಿರಲಿ. ಎಚ್‌ಪಿಜಿಎಲ್ ಅನ್ನುವ, ಕಂಪ್ಯೂಟರ್ ಪ್ಲಾಟರಿಗೆ ಆಜ್ಞೆ ಕೊಡುವ ಭಾಷೆ ಅದಕ್ಕೆ ಅರ್ಥವಾಗಬೇಕು. ಕೈಗೆಟುಕಿದರೆ ಸರ್ವೋ ಮೋಟಾರಿನದ್ದು, ಇಲ್ಲದಿದ್ದರೆ ಸ್ಟೆಪ್ಪರ್ ಮೋಟಾರಿನದ್ದು. ಬ್ಲೇಡು, ಅದರ ಕೆಳಗಿನ ಕಟಿಂಗ್ ಸ್ಟ್ರಿಪ್, ರಿಪೇರಿ ಮೂರೂ ನಿಮ್ಮ ಜಿಲ್ಲೆಯಲ್ಲೇ ಸಿಗಬೇಕು. ಗ್ರಾಂ ಅಂದರೆ ಬ್ಲೇಡ್ ಕೆಳಗೆ ಒತ್ತುವ ಬಲ; ಬ್ರೋಷರಿನಲ್ಲಿ ಅದನ್ನು ಬರೆದ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ.

ಈಗ ಆ ಗ್ರಾಮಿನ ವಿಚಾರಕ್ಕೇ ಬರೋಣ.

ಮೊದಲನೆಯದಾಗಿ, ಪ್ಲಾಟರ್ ಬಟ್ಟೆಯನ್ನು ಕತ್ತರಿಸುವುದೇ ಇಲ್ಲ. ಬಟ್ಟೆ ಅದರ ಹತ್ತಿರವೂ ಸುಳಿಯುವುದಿಲ್ಲ. ಅದು ಕತ್ತರಿಸುವುದು ವಿನೈಲನ್ನು, ಅಂದರೆ ಶಾಖಕ್ಕೆ ಬಟ್ಟೆಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆಯನ್ನು. ಬಟ್ಟೆ ಬರುವುದು ಆಮೇಲೆ, ಹೀಟ್ ಪ್ರೆಸ್ಸಿನ ಕೆಳಗೆ. ನಾವು ಬಳಸುವ ಮಾಮೂಲಿ ಪಿಯು ಹೀಟ್ ಟ್ರಾನ್ಸ್‌ಫರ್ ವಿನೈಲಿನ ದಪ್ಪ, ಅಂಟು ಸೇರಿ, ಹೆಚ್ಚೂಕಡಿಮೆ 80ರಿಂದ 100 ಮೈಕ್ರಾನ್. ಅಂದರೆ ಜೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ. ಅದೂ ಮೆತ್ತಗಿನ ಪದರ. ಇದನ್ನು ಸೀಳುವುದಕ್ಕೆ ಹೊಸ ಬ್ಲೇಡಿಗೆ ಬೇಕಾಗುವುದು ಸಾಮಾನ್ಯವಾಗಿ 60ರಿಂದ 120 ಗ್ರಾಂ ಒತ್ತಡ. ಮಿನುಗುವ ಗ್ಲಿಟರ್, ಮಖಮಲ್ಲಿನಂಥ ಫ್ಲಾಕ್ ತರಹದ ದಪ್ಪ ಮಾಲಿಗೆ ಇನ್ನಷ್ಟು ಏರಿಸಬೇಕು, ನಿಜ. ಆದರೆ ಅದಕ್ಕೂ 1000 ಗ್ರಾಮಿಗೂ ಸಂಬಂಧವಿಲ್ಲ.

ನಂಬಿಕೆ ಬರಲಿಲ್ಲವೇ? ದುಬಾರಿ ಮಷಿನ್‌ಗಳ ಲೆಕ್ಕ ನೋಡಿ. ರೋಲ್ಯಾಂಡ್ ಜಿಎಕ್ಸ್-24 ಎಷ್ಟೋ ಊರುಗಳ ರೇಡಿಯಂ ಕಟಿಂಗ್ ಅಂಗಡಿಗಳನ್ನು ಸಾಕಿದ ಮಷಿನ್. ಅದರ ಗರಿಷ್ಠ ಒತ್ತಡ 250 ಗ್ರಾಂ. ಅದರ ನಂತರ ಬಂದ ಜಿಎಸ್-24ರದ್ದು 350. ಗ್ರಾಫ್‌ಟೆಕ್ ಸಿಇ6000-60ರದ್ದು 300, ಸಿಇ7000-60ರದ್ದು 450. ಲಕ್ಷ ಮೀರಿ ದುಡ್ಡು ಕೊಟ್ಟು ತರುವ ಜಪಾನಿ ಮಷಿನ್ 350, 450 ಗ್ರಾಮಿಗೆ ನಿಲ್ಲುತ್ತದೆ, ಅದರ ಕಾಲು ಭಾಗದ ಬೆಲೆಯ ಮಷಿನ್ 1000 ಗ್ರಾಂ ಎನ್ನುತ್ತದೆ. ಗ್ರಾಮೇ ಗುಣವಾಗಿದ್ದರೆ ಜಪಾನಿನವರು ಆ ಸಂಖ್ಯೆ ಹೆಚ್ಚಿಸುವುದು ಗೊತ್ತಿಲ್ಲದೆ ಕೂತಿದ್ದಾರೆಯೇ?

ನೀವು ಕೇಳಬೇಕಾದ್ದು ಗರಿಷ್ಠ ಎಷ್ಟು ಅಂತ ಅಲ್ಲ. 80 ಗ್ರಾಂ ಅಂತ ಇಟ್ಟರೆ ಅಕ್ಷರದ ಶುರುವಿನಿಂದ ಕೊನೆಯವರೆಗೆ, ರೋಲಿನ ಎಡತುದಿಯಿಂದ ಬಲತುದಿಯವರೆಗೆ, ಅದು 80 ಆಗಿಯೇ ಇರುತ್ತದೆಯೇ? ಅಗ್ಗದ ಮಷಿನ್‌ಗಳು ಎಡವುವುದು ಇಲ್ಲಿ. ಡಿಸ್‌ಪ್ಲೇಯಲ್ಲಿ ತೋರಿಸುವ ಗ್ರಾಂ ಎಷ್ಟೋ ಸಲ ಬರೀ ಸಂಖ್ಯೆ, ತೂಕಕ್ಕಿಟ್ಟು ನೋಡಿದ್ದಲ್ಲ. ಒಂದು ಮಷಿನ್ನಿನ 100 ಇನ್ನೊಂದರ 140 ಆಗಿರಬಹುದು. ಹಾಗಾಗಿ "ನಿಮ್ಮ ಸೆಟಿಂಗ್ ಎಷ್ಟು ಹೇಳಿ ಸರ್" ಅಂತಲೂ ಕೇಳಬೇಡಿ. ನನ್ನ ಸಂಖ್ಯೆ ನಿಮ್ಮ ಮಷಿನ್‌ಗೆ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೂ "ಜಾಸ್ತಿ ಇದ್ದರೆ ನಷ್ಟವೇನು, ಇರಲಿ ಬಿಡಿ" ಎನ್ನುವವರಿದ್ದಾರೆ. ಇದ್ದರೆ ನಷ್ಟವಿಲ್ಲ, ಬಳಸಿದರೆ ನಷ್ಟ. ಬ್ಲೇಡ್ ಮೊಂಡಾದಾಗ ಹೊಸ ಬ್ಲೇಡ್ ಹಾಕುವ ಬದಲು ಒತ್ತಡ ಏರಿಸುತ್ತಾರೆ, ಮೊಂಡು ಈಳಿಗೆಯ ಮೇಲೆ ಮೈಭಾರ ಹಾಕಿ ಟೊಮೆಟೊ ಹೆಚ್ಚಿದ ಹಾಗೆ. ವಿನೈಲ್ ಸೀಳುವ ಬದಲು ಹಿಸುಕಿಕೊಂಡು ಹರಿಯುತ್ತದೆ, ಸಣ್ಣ ಅಕ್ಷರಗಳು ವಿನೈಲಿನ ಕೆಳಗಿನ ಆಧಾರದ ಹಾಳೆಯಾದ ಕ್ಯಾರಿಯರ್ ಶೀಟಿನಿಂದ ಎದ್ದು ಬ್ಲೇಡಿಗೇ ಸುತ್ತಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುತ್ತದೆ. ಬ್ಲೇಡ್ ಓಡಾಡುವ ದಾರಿಯ ಕೆಳಗೆ ಒಂದು ಬಿಳಿ ಪಟ್ಟಿ ಇರುತ್ತದಲ್ಲ, ಕಟಿಂಗ್ ಸ್ಟ್ರಿಪ್? ಕ್ಯಾರಿಯರನ್ನೂ ದಾಟಿ ಬ್ಲೇಡ್ ಆ ಪಟ್ಟಿಯಲ್ಲಿ ಗೀರು ಮಾಡುತ್ತದೆ. ಮಾರನೆಯ ದಿನ ಅದೇ ಗೀರಿನ ಮೇಲೆ ವಿನೈಲ್ ಬಂದಾಗ ಕೆಳಗೆ ಆಧಾರವಿಲ್ಲದೆ ತಗ್ಗುತ್ತದೆ, ಆ ಜಾಗದಲ್ಲಿ ಕಟ್ ಆಗುವುದಿಲ್ಲ. ಆಗ ಮಾಲೀಕರು ಏನು ಮಾಡುತ್ತಾರೆ ಹೇಳಿ? ಒತ್ತಡ ಇನ್ನೂ ಏರಿಸುತ್ತಾರೆ. "ಮಷಿನ್‌ಗೆ ಪವರ್ ಸಾಲುತ್ತಿಲ್ಲ" ಅಂತ ನನಗೆ ಬರುವ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಸವೆದ ಸ್ಟ್ರಿಪ್ ಮತ್ತು ಮೊಂಡು ಬ್ಲೇಡ್. ಎರಡೂ ಮಷಿನ್ನಿನ ಬೆಲೆಯ ಮುಂದೆ ಪುಡಿಗಾಸು.

ಆಳವನ್ನು ನಿರ್ಧರಿಸಬೇಕಾದ್ದು ಒತ್ತಡವಲ್ಲ, ಹೋಲ್ಡರಿನಿಂದ ಬ್ಲೇಡ್ ಎಷ್ಟು ಹೊರಗೆ ಬಂದಿದೆ ಎನ್ನುವುದು. ಹಳೆಯ ಎಟಿಎಂ ಕಾರ್ಡ್ ಪಕ್ಕದಲ್ಲಿಟ್ಟು ನೋಡಿ, ಅದರ ದಪ್ಪದ ಅರ್ಧಕ್ಕಿಂತ ಹೆಚ್ಚು ಮೊನೆ ಕಾಣಬಾರದು. ತೆಳು ವಿನೈಲಿಗೆ ಅದಕ್ಕಿಂತಲೂ ಕಡಿಮೆ ಸಾಕು. ಮಾಮೂಲಿ ವಿನೈಲಿಗೆ 45 ಡಿಗ್ರಿ ಬ್ಲೇಡ್, ಫ್ಲಾಕ್ ಗ್ಲಿಟರ್‌ಗಳಿಗೆ 60 ಡಿಗ್ರಿಯದ್ದು. ಹೆಚ್ಚಿನ ಅಗ್ಗದ ಮಷಿನ್‌ಗಳಿಗೆ ರೋಲ್ಯಾಂಡ್ ಮಾದರಿಯ ಬ್ಲೇಡೇ ಹೊಂದುತ್ತದೆ, ಕೊಳ್ಳುವ ಮುಂಚೆ ಅದನ್ನೊಂದು ಕೇಳಿ ಖಚಿತ ಮಾಡಿಕೊಳ್ಳಿ.

ಹಾಗಾದರೆ 1000 ಗ್ರಾಂ ಯಾರಿಗೂ ಬೇಡವೇ? ಬೇಕು. ದಪ್ಪ ರಟ್ಟು, ಕಲ್ಲು ಕೆತ್ತನೆಯ ರಬ್ಬರ್ ಸ್ಟೆನ್ಸಿಲ್, ಮ್ಯಾಗ್ನೆಟ್ ಶೀಟ್ ಕತ್ತರಿಸುವವರಿಗೆ ಬೇಕು. ಕಬಡ್ಡಿ ಜೆರ್ಸಿಗೆ ನಂಬರ್ ಒತ್ತುವ ನಿಮಗೆ ಬೇಡ.

ಡೆಮೊಗೆ ಹೋಗುವಾಗ ನಿಮ್ಮದೇ ವಿನೈಲ್ ತುಂಡು ಒಯ್ಯಿರಿ. ಅಂಗಡಿಯವರು ಸ್ಟಿಕರ್ ವಿನೈಲಿನಲ್ಲಿ ದೊಡ್ಡದೊಂದು ನಕ್ಷತ್ರ ಕತ್ತರಿಸಿ ತೋರಿಸುತ್ತಾರೆ, ಅದನ್ನು ಎಂಥ ಮಷಿನ್ನೂ ಕತ್ತರಿಸುತ್ತದೆ. ನೀವು 'ಸ್ತ್ರೀ' ಅಂತ 15 ಮಿಲಿಮೀಟರ್ ಎತ್ತರದಲ್ಲಿ ಕತ್ತರಿಸಲು ಹೇಳಿ, ಪಕ್ಕದಲ್ಲಿ 10 ಮಿಲಿಮೀಟರಿನ ಒಂದು ವೃತ್ತ, ಅಷ್ಟೇ ಅಗಲದ ಒಂದು ಚೌಕ. ವೃತ್ತದ ಗೆರೆ ಶುರುವಾದ ಜಾಗಕ್ಕೇ ಬಂದು ಸೇರಿದೆಯೇ ನೋಡಿ. ಕೂದಲೆಳೆಯಷ್ಟು ಬಿಟ್ಟಿದ್ದರೂ ಸುತ್ತಲಿನ ಬೇಡದ ವಿನೈಲ್, ಅಂದರೆ ವೇಸ್ಟ್ ಕೀಳುವಾಗ ಅಲ್ಲಿ ವಿನೈಲ್ ಹರಿಯುತ್ತದೆ. ಚೌಕದ ಮೂಲೆ ದುಂಡಗಾಗಿದ್ದರೆ, ಬ್ಲೇಡಿನ ಮೊನೆ ಹೋಲ್ಡರಿನ ನಡುವಿನಿಂದ ಎಷ್ಟು ದೂರವಿದೆ ಅಂತ ಮಷಿನ್‌ಗೆ ಹೇಳುವ ಸೆಟಿಂಗ್, ಅಂದರೆ ಬ್ಲೇಡ್ ಆಫ್‌ಸೆಟ್ ಕಡಿಮೆಯಾಗಿದೆ, ಮೂಲೆಯಲ್ಲಿ ಚೂಪಾದ ಕೊಂಬು ಮೂಡಿದ್ದರೆ ಹೆಚ್ಚಾಗಿದೆ. 0.25 ಮಿಲಿಮೀಟರಿನಿಂದ ಶುರು ಮಾಡಿ ಸರಿಪಡಿಸಿಕೊಳ್ಳಬಹುದು, ಇದು ಮಷಿನ್ನಿನ ದೋಷವಲ್ಲ. 'ಸ್ತ್ರೀ'ಯ ಬಾಗುಗಳಲ್ಲಿ ಸಣ್ಣ ಮೆಟ್ಟಿಲುಗಳು ಕಂಡರೆ ಅದು ಮೋಟಾರಿನ ಮಿತಿ. ವೇಗ ಇಳಿಸಿ ಇನ್ನೊಮ್ಮೆ ಹಾಕಿಸಿ, ಆಗಲೂ ಹಾಗೇ ಬಂದರೆ ಆ ಮಷಿನ್ ಬಿಟ್ಟುಬಿಡಿ. ಎಲ್ಲಾ ಮುಗಿದ ಮೇಲೆ ವೇಸ್ಟ್ ಕಿತ್ತು, ಕ್ಯಾರಿಯರನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ನವಿರಾದ ಗೀರು ಕಂಡರೆ ಸರಿ, ಗೀರು ಕ್ಯಾರಿಯರನ್ನೇ ಸೀಳಿ ಆಚೆ ಬಂದಿದ್ದರೆ ಒತ್ತಡ ಹೆಚ್ಚಾಗಿದೆ.

24 ಇಂಚು ಯಾಕೆ ಅಂದರೆ, ಹೀಟ್ ಟ್ರಾನ್ಸ್‌ಫರ್ ವಿನೈಲ್ ಸಾಮಾನ್ಯವಾಗಿ ಬರುವುದು 50 ಸೆಂಟಿಮೀಟರ್ ಅಗಲದ ರೋಲಿನಲ್ಲಿ. 12 ಇಂಚಿನ ಕ್ರಿಕಟ್, ಕ್ಯಾಮಿಯೊ ಎಂಬ ಪುಟ್ಟ ಕಟಿಂಗ್ ಮಷಿನ್‌ಗಳಿಗೆ ಅದನ್ನು ಸೀಳಿ ಹಾಕಬೇಕು. ಮನೆಯಲ್ಲಿ ಹವ್ಯಾಸಕ್ಕೆ ಮಾಡುವವರಿಗೆ ಅವು ಚೆಂದವೇ. ಆದರೆ ಕ್ರಿಕಟ್ ತನ್ನದೇ ಸಾಫ್ಟ್‌ವೇರಿಗೆ ಕಟ್ಟಿಹಾಕುತ್ತದೆ. 2021ರಲ್ಲಿ ಚಂದಾ ಕಟ್ಟದವರು ತಿಂಗಳಿಗೆ 20 ಡಿಸೈನ್ ಮಾತ್ರ ಅಪ್‌ಲೋಡ್ ಮಾಡಬಹುದು ಅಂತ ಆ ಕಂಪನಿ ಹೇಳಿ, ಬಳಕೆದಾರರು ತಿರುಗಿಬಿದ್ದ ಮೇಲೆ ವಾಪಸ್ ತೆಗೆದುಕೊಂಡಿತ್ತು. ಎಚ್‌ಪಿಜಿಎಲ್ ಇರಲಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಜೊತೆಗೆ ಕೊಟ್ಟ ಸಾಫ್ಟ್‌ವೇರ್ ಕೈಕೊಟ್ಟರೂ ಪುಕ್ಕಟೆ ಸಿಗುವ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪಿನ 'ಪ್ಲಾಟ್' ಎಕ್ಸ್‌ಟೆನ್ಷನ್ನಿನಿಂದ ಕೆಲಸ ಸಾಗಿಸಬಹುದು.

ಕ್ಯಾಮೆರಾ, ಕಾಂಟೂರ್ ಕಟ್ ಅಂತ ಹೆಚ್ಚಿಗೆ ಹಣ ಕೇಳಿದರೆ ಕೊಡಬೇಡಿ. ಅದು ಪ್ರಿಂಟ್ ಆದ ಚಿತ್ರದ ಅಂಚಿನಲ್ಲಿ ಕತ್ತರಿಸುವವರಿಗೆ. ಬಣ್ಣಬಣ್ಣದ ಫೋಟೋ ಕೇಳುವ ಗಿರಾಕಿ ಬಂದರೆ ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಬಣ್ಣದ ಪ್ರಿಂಟ್, ಮಾಡುವವರ ಹತ್ತಿರ ಪ್ರಿಂಟ್ ಹಾಕಿಸಿ ತಂದು ಒತ್ತಿಕೊಡಿ, ಅದಕ್ಕೆ ಪ್ಲಾಟರೇ ಬೇಡ. ಹಾಂ, ಹೀಟ್ ಪ್ರೆಸ್ಸನ್ನೂ ಪ್ಲಾಟರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ. ಮಷಿನ್ ಬಂದ ಮೊದಲ ವಾರದಲ್ಲೇ ಎಲ್ಲರೂ ಇದರಲ್ಲಿ ಸಿಕ್ಕಿಬೀಳುತ್ತಾರೆ, ಸಿಕ್ಕಿಬಿದ್ದು ಮಷಿನ್ನನ್ನು ಬೈಯುತ್ತಾರೆ. ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಟ್ ಆಗುತ್ತದೆ, ಕನ್ನಡ ಮಾತ್ರ ಚೂರುಚೂರಾಗಿ ಬರುತ್ತದಲ್ಲ, ಯಾಕೆ?

ಡಿಸೈನ್ ಸಾಫ್ಟ್‌ವೇರಾದ ಕೋರೆಲ್‌ನಲ್ಲಿ ನಾವು ಬಳಸುವ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಅಕ್ಷರ ಒಂದೇ ತುಂಡಲ್ಲ. 'ಮ' ತೆಗೆದುಕೊಳ್ಳಿ. ಒಡಲು ಒಂದು ತುಂಡು, ತಲೆಕಟ್ಟು ಒಂದು, ಬಲಗಡೆಯ ಕೊಂಬು ಇನ್ನೊಂದು, ಹೀಗೆ ಮೂರನ್ನು ಪಕ್ಕಪಕ್ಕ ಇಟ್ಟು ಒಂದರ ಮೇಲೊಂದು ಸ್ವಲ್ಪ ಹತ್ತಿಸಿದ್ದಾರೆ. ಕಾಗದದ ಮೇಲೆ ಮಸಿ ಬಿದ್ದಾಗ ಅದು ಒಂದೇ ಅಕ್ಷರ. ಪ್ಲಾಟರಿಗೆ ಮಸಿ ಗೊತ್ತಿಲ್ಲ, ಅದು ಅಂಚನ್ನಷ್ಟೇ ನೋಡುತ್ತದೆ. ಮೂರು ಅಂಚು ಕಂಡರೆ ಮೂರನ್ನೂ ಕತ್ತರಿಸುತ್ತದೆ. ವೇಸ್ಟ್ ಕೀಳುವಾಗ ತಲೆಕಟ್ಟು ಕೈಗೆ ಬರುತ್ತದೆ, 'ನಮ್ಮ' ಅಂತ ಹೊರಟದ್ದು ಏನೋ ಆಗಿರುತ್ತದೆ. ಯೂನಿಕೋಡ್ ಫಾಂಟುಗಳಲ್ಲಿ ಇದು ಕಡಿಮೆ, ಆದರೂ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಗುಲುವ ಕಡೆ ಇದೇ ಕಥೆ.

ಪರಿಹಾರ ವೆಲ್ಡ್ ಮಾಡುವುದು, ಅಂದರೆ ಬಿಡಿ ತುಂಡುಗಳನ್ನು ಒಂದೇ ಅಂಚಿನ ಆಕಾರವಾಗಿ ಬೆಸೆಯುವುದು. ನುಡಿ ಫಾಂಟಾದರೆ ಕೋರೆಲ್‌ನಲ್ಲಿ ಅಕ್ಷರ ಇನ್ನೂ ಟೆಕ್ಸ್ಟ್ ಆಗಿರುವಾಗಲೇ ಕಂಟ್ರೋಲ್-ಕೆ ಒತ್ತಿ ಬಿಡಿಬಿಡಿ ಮಾಡಿ, ಎಲ್ಲವನ್ನೂ ಆಯ್ದು ವೆಲ್ಡ್ ಕೊಡಿ. ಮೊದಲು ಕರ್ವ್ ಮಾಡಿ ಆಮೇಲೆ ಬಿಡಿಸಿದರೆ 'ಠ'ದಂಥ ಅಕ್ಷರಗಳ ಹೊಟ್ಟೆಯೂ ಬಿಡಿಯಾಗಿ ಬಂದು, ವೆಲ್ಡ್ ಮಾಡಿದಾಗ ತುಂಬಿಹೋಗುತ್ತದೆ. ಇಂಕ್‌ಸ್ಕೇಪಿನಲ್ಲಾದರೆ ಆಬ್ಜೆಕ್ಟ್ ಟು ಪಾತ್, ಅನ್‌ಗ್ರೂಪ್, ಯೂನಿಯನ್. ಆಮೇಲೆ ಕೋರೆಲ್‌ನಲ್ಲಿ ವೈರ್‌ಫ್ರೇಮ್, ಇಂಕ್‌ಸ್ಕೇಪಿನಲ್ಲಿ ಔಟ್‌ಲೈನ್ ಮಾಡಿ ನೋಡಿ. ಅಕ್ಷರದ ಮೈಯೊಳಗೆ ಒಂದೇ ಒಂದು ಅಡ್ಡಗೆರೆ ಉಳಿದಿದ್ದರೂ ಮಷಿನ್‌ಗೆ ಕಳಿಸಬೇಡಿ. ಫಾಂಟ್ ಬೋಲ್ಡ್ ಇರಲಿ. ಎದೆಯ ಮೇಲಿನ ಸಣ್ಣ ಬರಹದಲ್ಲಿ ಒತ್ತಕ್ಷರದ ಗೆರೆ ಒಂದು ಮಿಲಿಮೀಟರಿಗಿಂತ ತೆಳುವಾದರೆ ಕೀಳುವಾಗ ಉಳಿದರೂ ಒಗೆತಕ್ಕೆ ಉಳಿಯುವುದು ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೆ ಮಿರರ್ ಮಾಡಿ, ಹೊಳೆಯುವ ಕ್ಯಾರಿಯರ್ ಮಗ್ಗುಲು ಕೆಳಗೆ ಹಾಕಿ ಕತ್ತರಿಸಿ. ಅಕ್ಷರ ಉಲ್ಟಾ ಬಂತು ಅಂತ ಫೋಟೋ ಕಳಿಸಿದವರಿಗೆ ಈ ಸಲ ಉತ್ತರ ಬರೆಯುವುದಿಲ್ಲ.