ಸಾಕ್ಷ್ಯ ಎಷ್ಟಿದ್ದರೆ ಸಾಕು?

ಅಮೆರಿಕದ ಕೊಲರಾಡೊ ಮತ್ತು ವಯೋಮಿಂಗ್ ರಾಜ್ಯಗಳಲ್ಲಿ, ರಾಕಿ ಪರ್ವತಗಳ ಪೂರ್ವ ತಪ್ಪಲಿನ ತೊರೆಗಳ ಅಂಚಿನಲ್ಲಿ ಪ್ರೆಬಲ್ ಎಂಬ ಜಿಗಿಯುವ ಇಲಿ ಇದೆ. ಮೈಗಿಂತ ಬಾಲವೇ ಉದ್ದ. ವರ್ಷದ ಏಳೆಂಟು ತಿಂಗಳು ನೆಲದೊಳಗೆ ಗಾಢ ನಿದ್ದೆ. ಈ ತೊರೆಗಳಲ್ಲಿ ಹಲವು ಹರಿಯುವುದು ದನ ಮೇಯಿಸುವ ಖಾಸಗಿ ರ‍್ಯಾಂಚ್‌ಗಳ ನಡುವೆ. 1998ರಲ್ಲಿ ಸರ್ಕಾರ ಇದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿತು. ಅಲ್ಲಿಂದ ಜಗಳ ಶುರು: ಇದು ನೆರೆಯ ಇಲಿಗಳಿಂದ ಬೇರೆ ಎನ್ನಲು ಆಧಾರವೇನು? ಬೇರೆಯಲ್ಲದಿದ್ದರೆ ಪ್ರತ್ಯೇಕ ರಕ್ಷಣೆ ಏಕೆ?

ಕೇಳಬೇಕಾದ ಪ್ರಶ್ನೆಯೇ ಅದು. 1954ರಲ್ಲಿ ಇದನ್ನು ಉಪಪ್ರಭೇದ (ಒಂದೇ ಪ್ರಭೇದದೊಳಗಿನ ಪ್ರತ್ಯೇಕ ಗುಂಪು) ಎಂದು ಹೆಸರಿಸಿದಾಗ ಕೈಯಲ್ಲಿದ್ದದ್ದು ಬೆರಳೆಣಿಕೆಯ ಮಾದರಿಗಳು.

1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಕೇಳುವುದಿಲ್ಲ. ಸದ್ಯ ಲಭ್ಯವಿರುವ ಮಾಹಿತಿಯಲ್ಲಿ ಅತ್ಯುತ್ತಮವಾದದ್ದು ಯಾವುದೋ ಅದರ ಮೇಲೆ ತೀರ್ಮಾನಿಸಿ ಎನ್ನುತ್ತದೆ. ಪಟ್ಟಿಗೆ ಸೇರಿಸಿದರೆ ಯಾರಿಗೆ ಎಷ್ಟು ನಷ್ಟ ಎಂಬ ಲೆಕ್ಕವನ್ನು ಆ ಹಂತದಲ್ಲಿ ನೋಡುವಂತಿಲ್ಲ. ಇದು ಸರಿ ಎಂದೇ ನನ್ನ ನಂಬಿಕೆ. ಪೂರ್ಣ ಖಾತ್ರಿಗಾಗಿ ಕಾಯುತ್ತಾ ಕೂತರೆ ಅಷ್ಟರೊಳಗೆ ಜೀವಿಯೇ ಇಲ್ಲವಾಗಬಹುದು.

ಆದರೆ 'ಅತ್ಯುತ್ತಮ' ಎಂದು ನಿರ್ಧರಿಸುವುದು ಹೇಗೆ? ಡೆನ್ವರ್‌ನ ವಿಜ್ಞಾನ ಸಂಗ್ರಹಾಲಯದಲ್ಲಿದ್ದ ರಾಬ್ ರಾಯ್ ರೇಮಿ ಮತ್ತು ಸಂಗಡಿಗರು ತಲೆಬುರುಡೆಗಳನ್ನು ಅಳೆದು, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್ಎ ಓದಿ, ಪ್ರೆಬಲ್ ಇಲಿ ಪಕ್ಕದ ಉಪಪ್ರಭೇದಕ್ಕಿಂತ ಬೇರೆಯಲ್ಲ ಎಂದರು. 2005ರಲ್ಲಿ ಸರ್ಕಾರ ಪಟ್ಟಿಯಿಂದ ತೆಗೆಯಲು ಮುಂದಾಯಿತು. ಮರುವರ್ಷ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಟಿಮ್ ಕಿಂಗ್ ತಂಡ ಡಿಎನ್ಎಯ ಇನ್ನೂ ಉದ್ದದ ಭಾಗವನ್ನೂ, ಜೀವಕೋಶದ ನ್ಯೂಕ್ಲಿಯಸ್‌ನೊಳಗಿನ ಅನೇಕ ಡಿಎನ್ಎ ಗುರುತುಗಳನ್ನೂ ನೋಡಿ, ಬೇರೆಯೇ ಎಂದಿತು. ಸ್ವತಂತ್ರ ತಜ್ಞರ ಸಮಿತಿ ಕಿಂಗ್ ಅವರ ಪರ ನಿಂತಿತು.

ನನಗೆ ಬಹಳ ಮುಖ್ಯವಾಗಿ ಕಾಣುವುದು ಕಿಂಗ್ ತಂಡ ಮಾಡಿದ ಇನ್ನೊಂದು ಕೆಲಸ. ರೇಮಿ ಬಳಸಿದ ಸಂಗ್ರಹಾಲಯದ ಕೆಲವು ಮಾದರಿಗಳನ್ನೇ ಅವರು ಮತ್ತೆ ಪರೀಕ್ಷಿಸಿದರು. ಕೆಲವದರಲ್ಲಿ ಮೊದಲಿನ ಫಲಿತಾಂಶ ಮರುಕಳಿಸಲಿಲ್ಲ. ಬೇರೆ ಡಿಎನ್ಎ ಬೆರೆತಿರಬಹುದು ಎಂಬ ಶಂಕೆ ಎದ್ದಿತು. ಎರಡು ಗುಂಪುಗಳಲ್ಲಿ ಒಂದೇ ಡಿಎನ್ಎ ಸಿಕ್ಕಿತು ಎಂಬುದೇ ವಾದದ ಬುಡವಾದಾಗ, ಬೆರಕೆಯಾದ ಕೆಲವೇ ಮಾದರಿಗಳೂ ಇಡೀ ತೀರ್ಮಾನವನ್ನು ತಿರುಗಿಸಬಲ್ಲವು. ಜತೆಗೆ, ಕೆಲವೇ ಗುರುತುಗಳನ್ನು ನೋಡಿ ವ್ಯತ್ಯಾಸ ಕಾಣದಿದ್ದರೆ ವ್ಯತ್ಯಾಸವೇ ಇಲ್ಲ ಎಂದಾಗುವುದಿಲ್ಲ.

ವಾದ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ವಯೋಮಿಂಗ್‌ನಲ್ಲಿ ಮಾತ್ರ ರಕ್ಷಣೆ ತೆಗೆದರು, 2011ರಲ್ಲಿ ಮರಳಿ ಕೊಟ್ಟರು. 2013ರ ಅಧ್ಯಯನವೊಂದು ಇಲಿಯ ಪ್ರತ್ಯೇಕತೆಯನ್ನು ಮತ್ತೆ ಪ್ರಶ್ನಿಸಿತು. ಪ್ರಶ್ನಿಸಲಿ, ಆ ಮಾದರಿಗಳನ್ನೂ ಇನ್ನೊಬ್ಬರು ತೆರೆದು ನೋಡಲಿ.

ರ‍್ಯಾಂಚಿನ ಬೇಲಿಯ ಮಾತೂ ಇದೆ. ಒಳಗೆ ಬೋನಿಡಲು ಮಾಲೀಕರು ಬಿಡದಿದ್ದರೆ ಆ ತೊರೆಯಲ್ಲಿ 'ಇಲಿ ಇಲ್ಲ' ಎಂದು ಬರೆಯಲಾಗದು, 'ಹುಡುಕಿಲ್ಲ' ಎಂದಷ್ಟೇ ಬರೆಯಬಹುದು. ಇಲಿ ಸಿಕ್ಕರೆ ಜಮೀನಿನ ಕೆಲಸಕ್ಕೆ ತಡೆ ಬೀಳುತ್ತದೆ ಎಂಬ ಮಾಲೀಕರ ಭಯ ಸುಳ್ಳಲ್ಲ. ಅದಕ್ಕೇ 2001ರ ವಿಶೇಷ ನಿಯಮ ಆಗಲೇ ನಡೆಯುತ್ತಿದ್ದ ಕೃಷಿ ಕೆಲಸಗಳಿಗೆ ವಿನಾಯಿತಿ ಕೊಟ್ಟಿತು. ಇಂಥ ಭರವಸೆ ಮೊದಲ ದಿನವೇ ಸಿಕ್ಕರೆ ಬೋನು ಹಿಡಿದು ಬಂದವರಿಗೆ ಗೇಟು ತೆರೆಯುವವರು ಹೆಚ್ಚುತ್ತಾರೆ.