ಗುಂಡು ತಗುಲಿದವರಿಗಷ್ಟೇ ಅಲ್ಲ

"ನನಗೆ ಗುಂಡೇನೂ ತಗುಲಿಲ್ಲವಲ್ಲ ಸಾರ್!" ಮಾಜಿ ಸೈನಿಕರ ಪಿಂಚಣಿ ಕಾಗದಪತ್ರ ನೋಡುವ ವಕೀಲನಾದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸೇವಾ ಪಿಂಚಣಿಗೆ ಜವಾನನಾದರೆ 15 ವರ್ಷ, ಅಧಿಕಾರಿಯಾದರೆ 20 ಎಂಬುದು ಎಲ್ಲರಿಗೂ ಬಾಯಿಪಾಠ. ಅಂಗವೈಕಲ್ಯ ಪಿಂಚಣಿ ಎಂದ ಕೂಡಲೇ ಮಾತ್ರ, ಅದೇನಿದ್ದರೂ ಕಾರ್ಗಿಲ್‌ನಲ್ಲಿ ಕಾಲು ಕಳೆದುಕೊಂಡವರಿಗೆ ಎಂದುಬಿಡುತ್ತಾರೆ.

ಯುದ್ಧದ ಗಾಯಕ್ಕೆ ಬೇರೆಯದೇ ಪಿಂಚಣಿ ಇದೆ, ದರವೂ ಹೆಚ್ಚು. ನಾನು ಹೇಳುವುದು ಅದನ್ನಲ್ಲ. ಗಾಯವೋ ಕಾಯಿಲೆಯೋ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು; ಅಂಗವೈಕಲ್ಯದ ಪ್ರಮಾಣ ಶೇ 20ಕ್ಕಿಂತ ಕಡಿಮೆ ಇರಬಾರದು. ಇಷ್ಟೇ. ಇದರಲ್ಲಿ ಗುಂಡಿನ ಮಾತೆಲ್ಲಿದೆ? 15 ವರ್ಷದ ಲೆಕ್ಕವೂ ಇಲ್ಲಿಲ್ಲ.

ಸೇನೆಯ ವೈದ್ಯರ ಮಂಡಳಿಯಾದ ಮೆಡಿಕಲ್ ಬೋರ್ಡ್ "ಸೇವೆಗೂ ಇದಕ್ಕೂ ಸಂಬಂಧವಿಲ್ಲ" ಎಂದು ಒಂದು ಸಾಲು ಗೀಚಿದರೆ ನಮ್ಮವರು ಅದನ್ನು ಹಣೆಬರಹ ಎಂದುಕೊಂಡು ಮನೆಗೆ ಬರುತ್ತಾರೆ. ಸಿಪಾಯಿ ಧರಮವೀರ್ ಸಿಂಗ್ ಹಾಗೆ ಬಿಡಲಿಲ್ಲ. ಸುಮಾರು ಒಂಬತ್ತು ವರ್ಷ ದುಡಿದ ಮೇಲೆ ಮೂರ್ಛೆರೋಗದ ಕಾರಣಕ್ಕೆ ಹೊರಗೆ ಕಳಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಭರ್ತಿಯಾಗುವಾಗ ಆ ಕಾಯಿಲೆಯನ್ನು ದಾಖಲಿಸಿರದಿದ್ದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲ ಎನ್ನುವ ಬೋರ್ಡ್ ಕಾರಣ ಕೊಡಬೇಕು. ಅಂದರೆ ರುಜುವಾತಿನ ಹೊರೆ ನಿಮ್ಮ ಮೇಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನವರು ಮತ್ತೆ "ಗುಂಡು" ಎನ್ನುತ್ತಾರೆ!

ಸೋಮವಾರಪೇಟೆ ಕಡೆಯ ಹವಾಲ್ದಾರರೊಬ್ಬರನ್ನು ಹೆಂಡತಿಯೇ ಎಳೆದುಕೊಂಡು ಬಂದಿದ್ದರು. "ಬಿಪಿಗೆ ಪಿಂಚಣಿ ಕೇಳಿದರೆ ಯೂನಿಟ್‌ನವರು ನಗ್ತಾರೆ ಸಾರ್" ಎಂದು ಇವರ ಸಂಕೋಚ. "ನಕ್ಕರೆ ನಗಲಿ, ನೀವು ಸಹಿ ಹಾಕಿ" ಎಂದರು ಆಕೆ. ಇಂಥ ಹೆಂಗಸರಿಂದಲೇ ನಮ್ಮ ಅರ್ಧ ಕೆಲಸ ಸಲೀಸು.

ಹಾಗೆಂದು ಎಲ್ಲರಿಗೂ ಸಿಕ್ಕೇಬಿಡುತ್ತದೆ ಎಂದು ನಾನು ಹೇಳುವವನಲ್ಲ. ರಜೆಯಲ್ಲಿ ಊರಿಗೆ ಬಂದಾಗ ರಸ್ತೆ ಅಪಘಾತವಾದರೆ ಸೇವೆಯ ನಂಟು ತೋರಿಸುವುದು ಕಷ್ಟ. ಜುಝಾರ್ ಸಿಂಗ್ ಪ್ರಕರಣದಲ್ಲಿ ಕೋರ್ಟ್ ಒಪ್ಪಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದಿವೆ. ಆಮೇಲೆ ನಿವೃತ್ತರಾದವರು ಹಳೆಯ ತೀರ್ಪುಗಳನ್ನೇ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ತಡಮಾಡಿದರೆ ಹಕ್ಕು ಸಾಯದು, ಬಾಕಿ ಹಣ ಸಾಯುತ್ತದೆ. ತರ್ಸೇಮ್ ಸಿಂಗ್ 1983ರಲ್ಲಿ ಸೇನೆ ಬಿಟ್ಟು 1999ರಲ್ಲಿ ಕೋರ್ಟಿಗೆ ಹೋದರು. ಬಾಕಿ ದಕ್ಕಿದ್ದು ಅರ್ಜಿಗೆ ಹಿಂದಿನ ಮೂರೇ ವರ್ಷದ್ದು. ಬರುವಾಗ ಡಿಸ್ಚಾರ್ಜ್ ಬುಕ್ಕಿನ ಜೊತೆ ಮೆಡಿಕಲ್ ಬೋರ್ಡ್ ವರದಿಯ ಪ್ರತಿ ತನ್ನಿ. ಇಲ್ಲದಿದ್ದರೆ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಇವತ್ತೇ ಒಂದು ಅರ್ಜಿ ಹಾಕಿ.